ಮಳೆ ನೀರಲ್ಲಿ ಸಮುದ್ರ: ಕೋಲಾರದ ಮನೆಯಲ್ಲಿ 6 ಅಡಿ ರೀಫ್ ಟ್ಯಾಂಕ್

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಈಗ ಕಾಣುತ್ತಿರುವುದು ನಮ್ಮ ಮನೆ ಹಾಲ್. ಟಿವಿ ಇದ್ದ ಗೋಡೆ ಖಾಲಿಯಾಗಿದೆ. ಆ ಜಾಗಕ್ಕೆ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಎತ್ತರದ ಉಪ್ಪು ನೀರಿನ ಟ್ಯಾಂಕ್ ಬರುತ್ತದೆ. ಮೀನು, ಮೆತ್ತನೆಯ ಹವಳ, ಸೀಗಡಿ ಎಲ್ಲಾ ಇರುವ ರೀಫ್ ಟ್ಯಾಂಕ್.

ಊರು ಕೋಲಾರ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸಾವಿರ ಅಡಿ ಬೋರ್ ಕೊರೆಸಿದರೂ ನೀರು ಬೀಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ನಮ್ಮ ಕೆರೆಗಳು ತುಂಬುತ್ತಿವೆ, ನಿಜ. ಆದರೂ ಮನೆಗೆ ಟ್ಯಾಂಕರ್ ಬರುವುದು ನಿಂತಿಲ್ಲ. ನನ್ನ ಪ್ಲಾನ್ ಕೇಳಿದ ತಕ್ಷಣ ಅಮ್ಮ ಅಂದಿದ್ದು ಇಷ್ಟೇ: "ಕುಡಿಯೋಕೆ ಕ್ಯಾನ್ ಹೊತ್ಕೊಂಡು ಬರ್ತೀಯ, ಮೀನಿಗೆ ಸಾವಿರ ಲೀಟರಾ? ಏನೋ ಇದು?"

ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ಈ ವಿಡಿಯೊದಲ್ಲಿ ಮೀನಿಗಿಂತ ನೀರಿನ ಮಾತೇ ಜಾಸ್ತಿ. ಲೈಟ್ ಯಾವುದು, ಪಂಪ್ ಯಾವುದು ಅಂತ ನೋಡಲು ಬಂದವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ನನ್ನ ಪ್ರಕಾರ ಲೈಟ್ ಆಮೇಲೂ ಬದಲಾಯಿಸಬಹುದು. ನೀರು, ನೆಲ, ಪೈಪಿಗಾಗಿ ಗಾಜಿನಲ್ಲಿ ಕೊರೆದ ತೂತು, ಇವು ಮೂರೂ ಮೊದಲೇ ಸರಿಯಾಗಬೇಕು.

ಮೊದಲು ಅಳತೆ. ಆರು, ಎರಡೂವರೆ, ಎರಡು ಗುಣಿಸಿದರೆ 30 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಅಂದರೆ ಟ್ಯಾಂಕ್ 850 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು, ಮೇಲೆ ಬಿಡುವ ಜಾಗ ಕಳೆದು, ಕೆಳಗೆ ಸ್ಟ್ಯಾಂಡ್ ಒಳಗಿರುವ ಸಂಪ್, ಅಂದರೆ ನೀರು ಶುದ್ಧವಾಗುವ ಸಣ್ಣ ಟ್ಯಾಂಕ್, ಅದರ ನೀರು ಸೇರಿಸಿದರೆ ಒಟ್ಟು 900 ಲೀಟರ್ ಹತ್ತಿರ ನಿಲ್ಲುತ್ತದೆ. ಇಷ್ಟು ಅಗಲ ಯಾಕೆ ಅಂತ ಗಾಜಿನ ಅಂಗಡಿಯವರೂ ಕೇಳಿದರು. ಎತ್ತರ ಹೆಚ್ಚಾದರೆ ಗಾಜಿನ ಮೇಲೆ ಒತ್ತಡ ಹೆಚ್ಚು, ಕೈ ತಳಕ್ಕೆ ಎಟಕುವುದಿಲ್ಲ, ಬೆಳಕೂ ಕೆಳಗಿಳಿಯುವುದಿಲ್ಲ. ಅಗಲ ಇದ್ದರೆ ಹವಳಕ್ಕೆ ಜಾಗ, ಮೀನಿಗೆ ತಿರುಗಾಡಲು ಜಾಗ, ಗಾಳಿ ತಾಗುವ ನೀರಿನ ಮೈಯೂ ದೊಡ್ಡದು. ಅಂಗಡಿಯಲ್ಲಿ ರೆಡಿ ಸಿಗುವ ಟ್ಯಾಂಕ್‌ಗಳಲ್ಲಿ ಈ ಅಗಲ ಸಿಗುವುದಿಲ್ಲ. ಅಳತೆ ಕೊಟ್ಟು ಮಾಡಿಸಿದ್ದು ಅದಕ್ಕೇ.

ಗಾಜು 15 ಎಂಎಂ, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ. ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಬೇಡ ಅಂತ ಒತ್ತಿ ಹೇಳಿದ್ದೆ. ಒಮ್ಮೆ ಟೆಂಪರ್ ಮಾಡಿದ ಗಾಜಿಗೆ ಆಮೇಲೆ ತೂತು ಕೊರೆಯಲು ಹೋದರೆ ಪುಡಿಪುಡಿ.

ಈಗ ತೂಕ. ನೀರು, ಗಾಜು, ಕಲ್ಲು, ಮರಳು, ಕೆಳಗಿನ ಸಂಪ್, ಎಲ್ಲಾ ಸೇರಿ ಒಂದೂವರೆ ಟನ್ ಹತ್ತಿರ. ಅದು ನಿಲ್ಲುವುದು ಬರೀ 15 ಚದರ ಅಡಿಯಲ್ಲಿ. ಮನೆಯ ಮಹಡಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಭಾರದ ಲೆಕ್ಕ ಹಿಡಿದು ಕಟ್ಟುತ್ತಾರೆ. ಇಲ್ಲಿ ಸಾವಿರ ಕೆಜಿ ದಾಟುತ್ತದೆ. ಮೇಲಿನ ಮಹಡಿಯ ರೂಮಿನಲ್ಲಿ ಇಡುವ ಆಸೆ ಇದ್ದವರು ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸದೆ ಕೈ ಹಾಕಬೇಡಿ. ನಮ್ಮದು ಕೆಳಗಿನ ಮನೆ, ಗಟ್ಟಿ ನೆಲ. ಹಾಗಾಗಿ ಆ ತಲೆನೋವಿಲ್ಲ.

ಸ್ಟ್ಯಾಂಡ್ ನೋಡಿ. ಬೇರೆ ಕಡೆ ಕಬ್ಬಿಣದ ಪೈಪ್ ವೆಲ್ಡ್ ಮಾಡಿಸುತ್ತಾರೆ. ಉಪ್ಪು ನೀರು ಕಬ್ಬಿಣವನ್ನು ಬಿಡುವುದಿಲ್ಲ, ಎಷ್ಟು ಪೇಂಟ್ ಬಳಿದರೂ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೇನು ಬರ? ಸಾಲಿಡ್ ಬ್ಲಾಕ್‌ನಲ್ಲಿ ಮೂರು ಅಡ್ಡ ಗೋಡೆ ಕಟ್ಟಿಸಿ, ಮೇಲೆ ದಪ್ಪ ಗ್ರಾನೈಟ್ ಚಪ್ಪಡಿ ಹಾಕಿಸಿದ್ದೇನೆ. ಮೇಸ್ತ್ರಿ ಮಟ್ಟಗೋಲು ಇಟ್ಟು, "ಸಾರ್, ದೇವರ ಕಟ್ಟೆಗೂ ಇಷ್ಟು ಲೆವೆಲ್ ಯಾರೂ ಕೇಳಲ್ಲ" ಅಂದರು. ಆದರೆ ಲೆವೆಲ್ ತಪ್ಪಿದರೆ ನೀರಿನ ಭಾರ ಒಂದೇ ಮೂಲೆಗೆ ಬೀಳುತ್ತದೆ. ಚಪ್ಪಡಿಗೂ ಗಾಜಿಗೂ ನಡುವೆ ಒಂದು ಫೋಮ್ ಹಾಳೆ ಹಾಸುತ್ತೇವೆ.

ಇನ್ನು ನೀರು. ಇಲ್ಲಿಂದ ನಿಧಾನಕ್ಕೆ ಹೋಗೋಣ.

ಹವಳದ ಟ್ಯಾಂಕಿಗೆ ಬೋರ್ ನೀರು ಹಾಗೇ ಆಗುವುದಿಲ್ಲ. ಕೋಲಾರ ಅಂದ ತಕ್ಷಣ ಎಲ್ಲರೂ ಫ್ಲೋರೈಡ್ ಅನ್ನುತ್ತಾರೆ. ಕುಡಿಯುವವರಿಗೆ ಅದು ದೊಡ್ಡ ಸಮಸ್ಯೆಯೇ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ದಾಟುತ್ತದೆ. ತಮಾಷೆ ಅಂದರೆ ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ನನ್ನ ಟ್ಯಾಂಕಿಗೆ ತೊಂದರೆ ಕೊಡುವುದು ನೈಟ್ರೇಟ್, ಫಾಸ್ಫೇಟ್, ಸಿಲಿಕಾ. ಇವು ಇದ್ದರೆ ಕಲ್ಲು, ಗಾಜು, ಮರಳು ಎಲ್ಲದರ ಮೇಲೂ ಪಾಚಿ. ಅದಕ್ಕೇ ಆರ್‌ಓ, ಅದಾದ ಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಹಾಕಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ, ಸೊನ್ನೆಗೆ ಇಳಿಸಬೇಕು. ಅಡುಗೆಮನೆಯ ಆರ್‌ಓ ಇದಕ್ಕೆ ಸಾಲದು. ಅದರಲ್ಲಿ ರುಚಿಗೆ ಅಂತ ಸ್ವಲ್ಪ ಖನಿಜ ಮತ್ತೆ ಬೆರೆಯುತ್ತದೆ.

ಸಮಸ್ಯೆ ಏನು ಗೊತ್ತಾ? ಒಂದು ಲೀಟರ್ ಶುದ್ಧ ನೀರಿಗೆ ಆರ್‌ಓ ಸುಮಾರು 3 ಲೀಟರ್ ಹೊರಗೆ ಬಿಡುತ್ತದೆ. 900 ಲೀಟರ್ ಬೇಕಾದರೆ 2700 ಲೀಟರ್ ಪೋಲು. ಇನ್ನೊಂದು, ನಮ್ಮ ಬೋರ್ ನೀರಿನ ಟಿಡಿಎಸ್ 900 ದಾಟುತ್ತದೆ. ಆರ್‌ಓ ಒಳಗಿನ ಸೋಸುವ ಪೊರೆ, ಮೆಂಬ್ರೇನ್, ದಾಟಿ ಬಂದ ಮೇಲೂ ಒಂದಿಷ್ಟು ಉಳಿಯುತ್ತದೆ. ಅದನ್ನು ಹಿಡಿಯುವ ರೆಸಿನ್ ಬೇಗ ಮುಗಿದುಹೋಗುತ್ತದೆ, ಅದು ಅಗ್ಗದ್ದೂ ಅಲ್ಲ. ಚೆನ್ನೈ ಹತ್ತಿರ ತಾನೇ, ಸಮುದ್ರದ ನೀರೇ ತನ್ನಿ ಅಂತ ಗೆಳೆಯರು ಹೇಳಿದರು. ದಡದ ಪಕ್ಕದ ನೀರು ಕೊಳಕು, ಒಳಗೆ ಹೋಗಿ ತುಂಬಿಸಲು ದೋಣಿ ಬೇಕು, ತರಲು ಲಾರಿ ಬೇಕು. ಒಂದು ಸಲ ತಂದರೂ ತಿಂಗಳು ತಿಂಗಳು ತರಲು ಆಗುತ್ತದಾ?

ಹಾಗಾದರೆ ಎಲ್ಲಿಂದ? ತಲೆ ಎತ್ತಿ ನೋಡಿ. ಮಾಳಿಗೆ.

ನಮ್ಮ ಮಾಳಿಗೆ ಸಾವಿರ ಚದರ ಅಡಿ. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 930 ಲೀಟರ್. ಆರ್‌ಓ ಹೊರಗೆ ಬಿಡುವುದೂ ಸೇರಿ ಬೇಕಾದದ್ದು 3600 ಲೀಟರ್, ಅಂದರೆ ಇಂಥ ನಾಲ್ಕು ಮಳೆ ಸಾಕು, ಇಡೀ ಟ್ಯಾಂಕ್ ತುಂಬುವಷ್ಟು ನೀರು. ಅದರಲ್ಲಿ ಸ್ವಲ್ಪ ಸೋರಿ, ಆವಿಯಾಗಿ ಹೋಗುತ್ತದೆ ಅನ್ನಿ, ಐದಾರು ಮಳೆ ಅಂದುಕೊಳ್ಳೋಣ. ಮಳೆ ನೀರಿನಲ್ಲಿ ಕರಗಿದ ಲವಣ ತೀರಾ ಕಡಿಮೆ. ಮೀಟರ್ ಇಟ್ಟರೆ 20, 30 ತೋರಿಸುತ್ತದೆ. ಹಾಗಾಗಿ ರೆಸಿನ್ ಬಹಳ ಕಾಲ ಬಾಳುತ್ತದೆ. ಆರ್‌ಓ ಬಿಟ್ಟ ನೀರೂ ಸಿಹಿಯಾಗೇ ಇರುತ್ತದೆ, ನೇರ ಬಟ್ಟೆ ಒಗೆಯಲು, ಗಿಡಕ್ಕೆ. ಅಮ್ಮನ ಮುಖ ಸಡಿಲವಾಗಿದ್ದು ಈ ಲೆಕ್ಕ ಕೇಳಿದ ಮೇಲೆ.

ಹಾಗಂತ ಬಿದ್ದ ನೀರನ್ನೆಲ್ಲಾ ಹಿಡಿಯುವಂತಿಲ್ಲ. ಮೊದಲ ಹತ್ತು ಹದಿನೈದು ನಿಮಿಷದ ನೀರು ಧೂಳು, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಬರುತ್ತದೆ. ಅದನ್ನು ಹೊರಗೆ ಬಿಡಲು ಪೈಪಿಗೆ ಬೇರೆ ವಾಲ್ವ್ ಇದೆ, ಈ ಕೆಂಪು ಹಿಡಿಯದ್ದು. ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಡ್ರಮ್. ಅಲ್ಲಿಂದ ಕಪ್ಪು ಬಣ್ಣದ ಮುಚ್ಚಿದ ಟ್ಯಾಂಕ್, ಬೆಳಕು ಹೋಗದಂಥದ್ದು. ನಮ್ಮಲ್ಲಿ ಒಳ್ಳೆ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆದ್ದರಿಂದ ಕೆಲಸದ ಕ್ರಮವೂ ಮಳೆಗೆ ತಕ್ಕಂತೆ: ಬೇಸಿಗೆಯಲ್ಲಿ ಗೋಡೆ, ಚಪ್ಪಡಿ, ಕಲ್ಲು, ಪೈಪು. ಮಳೆಗಾಲದಲ್ಲಿ ನೀರು. ಚಳಿಗಾಲದಲ್ಲಿ ಮೀನಿನ ಹೊಲಸು ಅರಗಿಸುವ ಬ್ಯಾಕ್ಟೀರಿಯ ಬೆಳೆಸುವುದು. ಮೀನು ಆಮೇಲೆ.

ಕಲ್ಲು ಅಂದೆ ಅಲ್ವಾ. ರೀಫ್ ಟ್ಯಾಂಕ್‌ಗಳಲ್ಲಿ ಸತ್ತ ಹವಳದ ಕಲ್ಲು ಇಡುವುದನ್ನು ನೀವು ನೋಡಿರಬಹುದು. ನಮ್ಮ ದೇಶದಲ್ಲಿ ಅದು ಬೇಡವೇ ಬೇಡ. ಬಂಡೆ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್, ಸಮುದ್ರ ಕುದುರೆ, ಇವೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ. ಹುಲಿ ಇರುವ ಶೆಡ್ಯೂಲ್ ಅದು. ಅಂಗಡಿಯವರು "ಎಲ್ಲಾ ಇಟ್ಟುಕೊಳ್ಳುತ್ತಾರೆ ಸಾರ್" ಅಂದರೂ ನಾನು ತರುವುದಿಲ್ಲ. ಮುರುಡೇಶ್ವರದ ಎದುರು ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಹವಳ ಇದೆ. ಅದು ಅಲ್ಲೇ ಇರಲಿ, ಮುಳುಗಿ ನೋಡಿ ಬರೋಣ.

ಹಾಗಾಗಿ ಕಲ್ಲು ಮನೆಯಲ್ಲೇ ತಯಾರಿ. ಸಿಮೆಂಟ್ ಒಂದು ಪಾಲು, ಕೋಳಿ ಫಾರಂಗೆ ಹಾಕುವ ಚಿಪ್ಪಿನ ಪುಡಿ ಮೂರು ಪಾಲು, ಕಲ್ಲುಪ್ಪು ಎರಡು ಪಾಲು. ಗಟ್ಟಿಯಾಗಿ ಕಲಸಿ, ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಸುರಿಯುವುದು. ಕೈಗೆ ಗ್ಲೌಸ್ ಇರಲಿ. ಒಣಗಿದ ಮೇಲೆ ನೀರಿನಲ್ಲಿ ನೆನೆಹಾಕಿದರೆ ಉಪ್ಪು ಕರಗಿ ಹೋಗಿ ಒಳಗೆಲ್ಲಾ ಸಣ್ಣ ಸಣ್ಣ ತೂತು ಉಳಿಯುತ್ತವೆ. ಬ್ಯಾಕ್ಟೀರಿಯ ಮನೆ ಮಾಡುವುದು ಆ ತೂತುಗಳಲ್ಲೇ. ಗ್ರಾನೈಟ್ ಕಲ್ಲು ಇಷ್ಟೊಂದು ಇರುವಾಗ ಇದೆಲ್ಲಾ ಯಾಕೆ ಅಂದರೆ, ಗ್ರಾನೈಟ್‌ನಲ್ಲಿ ಆ ತೂತಿಲ್ಲ. ಸಿಮೆಂಟ್ ಹೊಸದರಲ್ಲಿ ನೀರಿನ ಪಿಎಚ್ ತುಂಬಾ ಏರಿಸುತ್ತದೆ. ಪಿಎಚ್ 8.5ರ ಕೆಳಗೆ ಬರುವವರೆಗೆ ನೀರು ಬದಲಿಸುತ್ತಾ ನೆನೆಸಿಡಬೇಕು, ಒಂದೂವರೆ ಎರಡು ತಿಂಗಳು. ಹಿತ್ತಲಲ್ಲಿ ಕಾಣುತ್ತಿರುವ ನೀಲಿ ಡ್ರಮ್‌ಗಳು ಅವೇ.

ಪೈಪಿನ ಕೆಲಸಕ್ಕೆ ಬರೋಣ. ಮೇಲಿನ ಟ್ಯಾಂಕ್ ಅಂಚು ದಾಟಿದ ನೀರು ಪೈಪಿನಲ್ಲಿ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಅಲ್ಲಿ ಶುದ್ಧವಾಗಿ ಪಂಪ್ ಮೂಲಕ ಮತ್ತೆ ಮೇಲೆ. ಕರೆಂಟ್ ಹೋಗಿ ಇನ್‌ವರ್ಟರ್ ಕೂಡ ಕೈಕೊಟ್ಟರೆ? ಪಂಪ್ ನಿಲ್ಲುತ್ತದೆ, ಅಂಚಿನ ಮೇಲಿದ್ದ ನೀರೆಲ್ಲಾ ಕೆಳಗೆ. ನಮ್ಮ ಅಳತೆಗೆ ಒಂದು ಇಂಚು ನೀರು ಅಂದರೆ 35 ಲೀಟರ್. ಪಂಪಿನ ಪೈಪ್ ಬಾಯಿ ನೀರಲ್ಲಿ ಎರಡು ಇಂಚು ಮುಳುಗಿದ್ದರೆ 70 ಲೀಟರ್ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಅಷ್ಟು ಜಾಗ ಸಂಪ್‌ನಲ್ಲಿ ಯಾವಾಗಲೂ ಖಾಲಿ ಇರಬೇಕು, ಇಲ್ಲದಿದ್ದರೆ ಹಾಲ್ ತುಂಬಾ ಉಪ್ಪು ನೀರು. ಇಳಿಯುವ ಪೈಪ್ ಮೂರು ಇಟ್ಟಿದ್ದೇನೆ. ಒಂದು ಪೂರ್ತಿ ತುಂಬಿ ಸದ್ದಿಲ್ಲದೆ ಹರಿಯುತ್ತದೆ, ಎರಡನೆಯದು ಹೆಚ್ಚುವರಿ ನೀರಿಗೆ, ಮೂರನೆಯದು ಮೊದಲ ಎರಡೂ ಕಟ್ಟಿಕೊಂಡರೆ ಮಾತ್ರ. ಮೂರನೆಯದು ದಂಡ ಅಂದವರಿದ್ದಾರೆ. ಅವರ ಮನೆಯಲ್ಲಿ ಬಸವನಹುಳು ಪೈಪಿಗೆ ಸಿಕ್ಕಿಕೊಂಡಿಲ್ಲ ಅಷ್ಟೇ.

ಇನ್‌ವರ್ಟರ್ ಮೇಲೆ ಇರುವುದು ಟ್ಯಾಂಕಿನ ನೀರು ಅಲುಗಾಡಿಸುವ ವೇವ್ ಮೇಕರ್ ಮತ್ತು ಪಂಪ್, ಎರಡೇ. ಲೈಟ್ ಇಡೀ ದಿನ ಇಲ್ಲದಿದ್ದರೂ ಹವಳ ಸಾಯುವುದಿಲ್ಲ. ನೀರು ಅಲುಗಾಡದೆ ನಿಂತರೆ ಕೆಲವೇ ಗಂಟೆಯಲ್ಲಿ ಮೀನಿಗೆ ಆಮ್ಲಜನಕ ಸಾಲುವುದಿಲ್ಲ.

ಉಪ್ಪು ಬೆರೆಸುವುದು ಸುಲಭ. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಸೇರಿದ ರೀಫ್ ಸಾಲ್ಟ್. 900 ಲೀಟರಿಗೆ 34 ಕೆಜಿ ಆಸುಪಾಸು. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು, ಬರಬೇಕು. ಒಂದು ಮಾತು: ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಮ್ಮ ಒಣ ಗಾಳಿಗೆ ದಿನಕ್ಕೆ ಹತ್ತು ಲೀಟರ್ ಹತ್ತಿರ ಇಂಗುತ್ತದೆ. ಅಷ್ಟು ಸಿಹಿ ನೀರನ್ನು ತಾನಾಗೇ ತುಂಬಲು ಸೆನ್ಸರ್ ಇರುವ ಸಣ್ಣ ಪಂಪ್ ಇದೆ. ಅದಕ್ಕೂ ಮಾಳಿಗೆ ನೀರೇ. ಟ್ಯಾಂಕಿನಿಂದ ತೆಗೆದ ಹಳೇ ಉಪ್ಪು ನೀರನ್ನು ಮಾತ್ರ ಗಿಡದ ಬುಡಕ್ಕೆ ಸುರಿಯಬೇಡಿ, ಚರಂಡಿಗೆ ಬಿಡಿ. ಕೋಲಾರದಲ್ಲಿ ಟೊಮೆಟೊ ಗಿಡ ಸಾಯಿಸಿದ ಕೆಟ್ಟ ಹೆಸರು ಬೇಡ.

ಆಮೇಲೆ ಸುಮ್ನೆ ಕಾಯುವ ಕೆಲಸ. ಮೀನಿನ ಹೊಲಸಿನಿಂದ ಬರುವ ವಿಷವೇ ಅಮೋನಿಯಾ. ಅದನ್ನು ಮೊದಲೇ ಸ್ವಲ್ಪ ಹಾಕಿದರೆ ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ನಾಲ್ಕರಿಂದ ಆರು ವಾರ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಒಂದು ಮೀನೂ ಇಲ್ಲ. ಖಾಲಿ ಟ್ಯಾಂಕ್ ನೋಡಿ ಮನೆಗೆ ಬಂದವರು ನಗುತ್ತಾರೆ, ನಗಲಿ.

ಮೊದಲ ಮೀನು ಒಂದು ಜೋಡಿ ಕ್ಲೌನ್ ಫಿಶ್. ಅವನ್ನು ಸಮುದ್ರದಿಂದ ಹಿಡಿಯಬೇಕಿಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಅವುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ಸಾಕಿ ಬೆಳೆಸಿದ ಮೀನು ಟ್ಯಾಂಕಿಗೆ ಬೇಗ ಹೊಂದಿಕೊಳ್ಳುತ್ತದೆ, ಕೊಟ್ಟ ಊಟ ತಿನ್ನುತ್ತದೆ. ಹವಳದಲ್ಲಿ ಮಶ್ರೂಮ್, ಜೋವಾ ಇಂಥ ಮೆತ್ತನೆಯವು, ಅದೂ ಬಿಲ್ಲು, ಕಾಗದ ಕೊಡುವವರ ಹತ್ತಿರ ಮಾತ್ರ. ಜೋವಾ ಮುಟ್ಟುವಾಗ ಗ್ಲೌಸ್, ಕಣ್ಣಿಗೆ ಕನ್ನಡಕ ಖಂಡಿತ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇದೆ. ಅವು ಅಂಟಿದ ಕಲ್ಲನ್ನು ಕುದಿಸಿ ತೊಳೆಯಲು ಹೋಗಿ ಆಸ್ಪತ್ರೆ ಸೇರಿದವರಿದ್ದಾರೆ.

ಉಳಿದಿರುವ ದೊಡ್ಡ ಖರ್ಚು ಚಿಲ್ಲರ್, ನೀರು ತಣ್ಣಗಿಡುವ ಯಂತ್ರ. ನೀರು 25, 26 ಡಿಗ್ರಿಯಲ್ಲಿರಬೇಕು. ಚಳಿಗಾಲದ ರಾತ್ರಿಗೆ ಹೀಟರ್ ಸಾಕು. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋದ ಮೇಲೆ ಫ್ಯಾನ್ ನಂಬಿ ಕೂರಲು ಆಗುವುದಿಲ್ಲ. ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಆದರೆ ನೀರೂ ಅಷ್ಟೇ ಬೇಗ ಆವಿಯಾಗುತ್ತದೆ. ಬೇಸಿಗೆಯಲ್ಲಿ ನಮಗೆ ಬೆಲೆ ಕಟ್ಟಲಾಗದ್ದು ಅದೇ ನೀರು. ಚಿಲ್ಲರ್ ಹಾಲ್‌ನಲ್ಲಿಟ್ಟರೆ ಬಿಸಿ ಗಾಳಿ ನಮ್ಮ ಮೇಲೇ. ಗೋಡೆಗೆ ತೂತು ಕೊರೆಸಿ ಹಿತ್ತಲಲ್ಲಿ ಇಡಿಸುತ್ತಿದ್ದೇನೆ, ಬಚ್ಚಲಿನ ಪಕ್ಕ, ನೆರಳಲ್ಲಿ. ಆ ತೂತು ಕೊರೆಯುವುದು, ಪೈಪ್ ಅಂಟಿಸುವುದು, ಮೊದಲು ಬರೀ ಸಿಹಿ ನೀರು ತುಂಬಿಸಿ ಸೋರುತ್ತದಾ ಅಂತ ನೋಡುವುದು, ಎಲ್ಲಾ ಮುಂದಿನ ವಿಡಿಯೊದಲ್ಲಿ. ನಿಮ್ಮೂರಿನ ಬೋರ್ ನೀರಿನ ಟಿಡಿಎಸ್ ಎಷ್ಟು ಅಂತ ಅಳೆದು ಹೇಳಿ. ಮಾಲೂರು, ಬಂಗಾರಪೇಟೆ, ಚಿಂತಾಮಣಿ ಕಡೆಯವರು ತಪ್ಪದೆ ಹೇಳಿ.