ಆಂಪ್ ಹೋಗಿದೆ ಅನ್ನುವ ಮೊದಲು ಅರ್ತ್ ನೋಡಿ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾಯಿತು ಅಂದರೆ ನಮ್ಮ ಕೊಡಗಿನಲ್ಲಿ ಕಾರಿಗೆ ಸಬ್ ವೂಫರ್ ಹಾಕಿಸಿಕೊಂಡವರ ದೂರು ಹೆಚ್ಚುಕಮ್ಮಿ ಒಂದೇ. ಬೇಸ್ ಜೋರಾಗಿ ಬಂದ ಕೂಡಲೇ ಆಂಪ್, ಅಂದರೆ ಸಬ್ ವೂಫರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್, ಕಟ್ ಆಗುತ್ತದೆ. ಕೆಂಪು ಲೈಟ್ ಹತ್ತುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಯಾಗುತ್ತದೆ. ವಾಲ್ಯೂಮ್ ಏರಿಸಿದರೆ ಮತ್ತೆ ಅದೇ ಕಥೆ. ಅಂಗಡಿಗೆ ತೆಗೆದುಕೊಂಡು ಹೋದರೆ ಉತ್ತರ ರೆಡಿ ಇರುತ್ತದೆ: "ಆಂಪ್ ಹೋಗಿದೆ, ಹೊಸದು ಹಾಕಿಬಿಡಿ."

ಈ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಚೆನ್ನಾಗಿದ್ದ ಆಂಪ್ ಜುಲೈನಲ್ಲಿ ಕೈಕೊಟ್ಟರೆ ಮೊದಲ ಅನುಮಾನ ಅರ್ತ್ ಮೇಲೆ ಬರಬೇಕು. ಡಿಕ್ಕಿಯೊಳಗೆ ಕಾರಿನ ಲೋಹದ ಮೈಗೆ ಬಿಗಿದಿರುತ್ತಾರಲ್ಲ, ಆ ಕಪ್ಪು ವೈರ್ ಮೇಲೆ. ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಾಧನ) ಇಟ್ಟು ನೋಡದೆ ಆಂಪ್ ಹೋಗಿದೆ ಅನ್ನುವವರ ಕೈಗೆ ನಿಮ್ಮ ದುಡ್ಡು ಕೊಡಬೇಡಿ.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. 500 ವ್ಯಾಟ್ ಆರ್‌ಎಂಎಸ್‌ನ ಒಂದು ಕ್ಲಾಸ್ ಡಿ ಆಂಪ್ ಇದೆ ಅಂತ ಇಟ್ಟುಕೊಳ್ಳಿ (ಆರ್‌ಎಂಎಸ್ ಅಂದರೆ ಸತತವಾಗಿ ಕೊಡಬಲ್ಲ ಪವರ್, ಕ್ಲಾಸ್ ಡಿ ಅಂದರೆ ಕರೆಂಟ್ ಕಮ್ಮಿ ವ್ಯರ್ಥ ಮಾಡುವ ಬಗೆ). ಪೂರ್ತಿ ದುಡಿಯುವಾಗ ಅದು ಸುಮಾರು 45 ಆಂಪಿಯರ್ ಕರೆಂಟ್ ಎಳೆಯುತ್ತದೆ. ಬ್ಯಾಟರಿಯಿಂದ ಕೆಂಪು ವೈರ್‌ನಲ್ಲಿ ಎಷ್ಟು ಬಂತೋ ಅಷ್ಟೂ ಅರ್ತ್ ಮೂಲಕವೇ ವಾಪಸ್ ಹೋಗಬೇಕು. ಆ ಅರ್ತ್ ಬೋಲ್ಟ್ ತುಕ್ಕು ಹಿಡಿದು ಅಲ್ಲಿ ಬರೀ 0.05 ಓಮ್ ತಡೆ ಬಂದಿದ್ದರೂ 45 ಆಂಪಿಯರ್‌ಗೆ ಎರಡೂಕಾಲು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೂ ಆಂಪ್‌ಗೆ ಸಿಗುವುದು 12ಕ್ಕಿಂತ ಕಮ್ಮಿ.

ಈಗ ನಮ್ಮ ಊರಿನ ಮಳೆ ನೆನಪು ಮಾಡಿಕೊಳ್ಳಿ. ಮಡಿಕೇರಿಯಲ್ಲಿ ಹಗಲಲ್ಲೇ ಮಂಜು ಇಳಿದಿರುತ್ತದೆ. ಹೆಡ್‌ಲೈಟ್ ಆನ್, ಫಾಗ್ ಲ್ಯಾಂಪ್ ಆನ್, ವೈಪರ್ ಆನ್. ಗಾಜಿನ ಮಬ್ಬು ಹೋಗಲಿ ಅಂತ ಏಸಿ, ಬ್ಲೋವರ್ ಎಲ್ಲಾ ಆನ್. ಘಾಟಿ ಹತ್ತುವಾಗ ಇಂಜಿನ್ ಜೋರಾಗಿ ಓಡುತ್ತಿರುತ್ತದೆ, ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಪೇಟೆಯೊಳಗೆ ಬಂದು ಟ್ರಾಫಿಕ್‌ನಲ್ಲಿ ನಿಂತಾಗ ಐಡ್ಲಿಂಗ್‌ನಲ್ಲಿ ಅದರ ಕೈಲಿ ಆಗುವುದಿಲ್ಲ. ವೋಲ್ಟೇಜ್ ಮೊದಲೇ ಕುಸಿದಿರುತ್ತದೆ, ಅದರ ಮೇಲೆ ಅರ್ತ್ ಇನ್ನೆರಡು ವೋಲ್ಟ್ ನುಂಗುತ್ತದೆ. ಹೆಚ್ಚಿನ ಆಂಪ್‌ಗಳು 10 ವೋಲ್ಟ್ ಆಸುಪಾಸಿಗೆ ಇಳಿದರೆ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಆಫ್ ಆಗುತ್ತವೆ. ಘಾಟಿಯಲ್ಲಿ ಹಾಡಿ ಪೇಟೆಯಲ್ಲಿ ಕಟ್ ಆಗುತ್ತಿದೆ ಅಂದರೆ ವೋಲ್ಟೇಜ್ ಸಾಲುತ್ತಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ.

ಹಾಗಾದರೆ ಅರ್ತ್ ಹಾಳಾಗುವುದು ಹೇಗೆ? ಒಂದು ಸಲ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ನಾವು ಅಲ್ಲಿ ಏನೇನು ಇಡುತ್ತೇವೆ? ಒದ್ದೆ ಕೊಡೆ, ರೇನ್‌ಕೋಟು, ತೋಟಕ್ಕೆ ಹೋಗಿ ಬಂದ ಗಂಬೂಟು. ಮ್ಯಾಟ್ ಮೇಲೆ ಒಣಗಿದ ಹಾಗೆ ಕಾಣುತ್ತದೆ. ಕೆಳಗಿನ ಸ್ಪಂಜ್ ಒತ್ತಿದರೆ ನೀರು ಜಿನುಗುತ್ತದೆ, ಬೂಷ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಕಾರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸ್ಪಂಜ್ ಒಣಗುವುದೇ ಕಷ್ಟ. ಅದರ ಅಡಿಯಲ್ಲೇ ಅರ್ತ್ ಬೋಲ್ಟ್ ಇರುತ್ತದೆ. ಬೋಲ್ಟ್ ಬಿಚ್ಚಿದರೆ ಥಿಂಬಲ್ (ವೈರ್ ತುದಿಯ ಲೋಹದ ಬಳೆ) ಸುತ್ತ ಹಸಿರು ಕಿಲುಬು, ಬಿಳಿ ಪುಡಿ. ಥಿಂಬಲ್ ಕೂತಿದ್ದ ಜಾಗದಲ್ಲಿ ಕಾರಿನ ಪೇಂಟ್ ಹಾಗೇ ಉಳಿದಿರುತ್ತದೆ. ಹಾಕುವಾಗ ಪೇಂಟ್ ಕೆರೆದೇ ಇರುವುದಿಲ್ಲ! ಕರೆಂಟ್ ಬರೀ ಬೋಲ್ಟಿನ ಮರೆಗಳ (ತಿರುಪಿನ ಸುತ್ತುಗಳ) ಮೂಲಕ ಹೋಗುತ್ತಿರುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮರೆಗೆ ತುಕ್ಕು ಹಿಡಿದ ಮೇಲೆ ಮುಗಿಯಿತು.

ಪರೀಕ್ಷೆ ಮಾಡುವುದರಲ್ಲೂ ಒಂದು ತಪ್ಪು ಎಲ್ಲೆಡೆ ನಡೆಯುತ್ತದೆ. ಮಲ್ಟಿಮೀಟರ್‌ನ ಬೀಪ್ ಹಾಕಿ ನೋಡುತ್ತಾರೆ. ಬೀಪ್ ಬಂತು, ಅರ್ತ್ ಸರಿ ಇದೆ ಅನ್ನುತ್ತಾರೆ. ಆ ಬೀಪ್ ಅನ್ನು ನಂಬಬೇಡಿ. ಸಾಮಾನ್ಯ ಮೀಟರ್‌ಗೆ 0.05 ಓಮ್ ಅಳೆಯುವ ಶಕ್ತಿಯೇ ಇಲ್ಲ. ಇಪ್ಪತ್ತು ಎಳೆಯ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ.

ಸರಿಯಾದ ದಾರಿ ಹೀಗಿದೆ. ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಉದ್ದ ವೈರ್ ಕಟ್ಟಿ ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿಸಿ. ಇನ್ನೊಂದನ್ನು ಆಂಪ್‌ನ ಅರ್ತ್ ಟರ್ಮಿನಲ್‌ಗೆ ಇಡಿ. ಇಂಜಿನ್ ಆನ್ ಮಾಡಿ, ಬೇಸ್ ಇರುವ ಹಾಡು ಜೋರಾಗಿ ಹಾಕಿ. ಸುಮ್ಮನಿದ್ದಾಗ ಸೊನ್ನೆ ತೋರಿಸುವ ಮೀಟರ್ ಬೇಸ್ ಬಂದಾಗ ಎಷ್ಟು ಹಾರುತ್ತದೆ ನೋಡಿ. 0.1, 0.2 ಆದರೆ ಚಿಂತೆ ಇಲ್ಲ. ಅರ್ಧ ವೋಲ್ಟ್ ದಾಟಿದರೆ ಕೆಲಸ ಇದೆ. ಒಂದು ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ. ಹೀಗೇ ಬ್ಯಾಟರಿಯ ಪ್ಲಸ್‌ನಿಂದ ಆಂಪ್‌ನ ಪ್ಲಸ್‌ಗೂ ಅಳೆಯಿರಿ. ಬಾನೆಟ್ ಕೆಳಗಿನ ಫ್ಯೂಸ್ ಹೋಲ್ಡರ್‌ನೊಳಗೂ ಕಿಲುಬು ಕೂತಿರುತ್ತದೆ. ಇಲಿ ಕಡಿದ ಗುರುತೂ ಅಲ್ಲೇ ಸಿಗಬಹುದು, ತೋಟದ ಮನೆಯವರಿಗೆ ಇದು ಹೊಸದಲ್ಲ.

ಸರಿ ಮಾಡುವುದು ಸುಲಭ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಬೋಲ್ಟ್ ಸುತ್ತ ರೂಪಾಯಿ ನಾಣ್ಯದಷ್ಟು ಜಾಗದ ಪೇಂಟ್ ಅನ್ನು ಹೊಳೆಯುವ ಲೋಹ ಕಾಣುವ ತನಕ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಹೊಸ ಥಿಂಬಲ್ ಹಾಕಿ ಗಟ್ಟಿಯಾಗಿ ಬಿಗಿಯಿರಿ, ಮೇಲೆ ಗ್ರೀಸ್ ಬಳಿಯಿರಿ. ಸೀಟ್ ಬೆಲ್ಟ್ ಬೋಲ್ಟ್‌ಗೆ ಮಾತ್ರ ಅರ್ತ್ ಕೊಡಬೇಡಿ, ಅದು ಜೀವ ಉಳಿಸುವ ಬೋಲ್ಟ್.

ವೈರ್ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಕಿಟ್ ಅಂತ ಕೊಡುವ ದಪ್ಪ ವೈರ್‌ಗಳಲ್ಲಿ ಎಷ್ಟೋ ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಚ್ಚಿದ್ದು. ಅದೇ ದಪ್ಪದ ತಾಮ್ರದ ಮುಂದೆ ಅದಕ್ಕೆ ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲಿನ ತಾಕತ್ತು. ನಮ್ಮ ತೇವಕ್ಕೆ ಬೇಗ ಪುಡಿಯಾಗುತ್ತದೆ. ಕೊಳ್ಳುವ ಮುಂಚೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ. ಮೈಸೂರಿಗೆ ಹೋದಾಗ ತಾಮ್ರದ ವೈರನ್ನೇ ತಂದಿಟ್ಟುಕೊಳ್ಳಿ. ಆ ಅಲ್ಯೂಮಿನಿಯಂ ವೈರನ್ನೇ ಇಟ್ಟುಕೊಂಡು, ಕರೆಂಟ್ ಕೂಡಿಟ್ಟು ಬೇಕಾದಾಗ ಕೊಡುವ 1 ಫ್ಯಾರಡ್ ಕೆಪಾಸಿಟರ್ ಹಾಕಿಸಿದರೆ ಏನೂ ಸರಿಹೋಗುವುದಿಲ್ಲ. ಅರ್ತ್ ಕೆಟ್ಟಿದ್ದರೆ ಕೆಪಾಸಿಟರ್ ಏನು ಮಾಡೀತು?

ಇನ್ನು ಗೇನ್, ಅಂದರೆ ಸ್ಟೀರಿಯೋ ಸಿಗ್ನಲ್‌ಗೆ ಹೊಂದಿಸಲು ಆಂಪ್ ಮೇಲಿರುವ ತಿರುಪು. ಮಡಿಕೇರಿ ದಸರಾದ ಮಂಟಪಗಳ ಮುಂದೆ ನಿಂತು ಎದೆ ನಡುಗಿಸಿಕೊಂಡು ಬಂದವರಿಗೆ ಕಾರಿನಲ್ಲೂ ಅದೇ ಬೇಕು ಅನ್ನಿಸುತ್ತದೆ, ತಪ್ಪಲ್ಲ. ಆದರೆ ಗೇನ್ ಅನ್ನುವುದು ವಾಲ್ಯೂಮ್ ಅಲ್ಲ. ಅದನ್ನು ತುದಿಗೆ ತಿರುಗಿಸಿದರೆ ಸೌಂಡ್ ಒಡೆಯುತ್ತದೆ, ಸಬ್ ಒಳಗಿನ ಕಾಯಿಲ್ ಸುಡುತ್ತದೆ. ಸಬ್ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಜ್ ಟೋನ್ ಹಾಕಿ. ಆಂಪ್‌ನ ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ಬರಬೇಕು ಅಂತ ಗೊತ್ತಾಗುತ್ತದೆ. 200 ವ್ಯಾಟ್, 2 ಓಮ್ ಆದರೆ 20 ವೋಲ್ಟ್. ಅಲ್ಲಿಗೆ ಗೇನ್ ನಿಲ್ಲಿಸಿ.

ಅರ್ತ್ ಸರಿ, ವೈರ್ ಸರಿ, ಆದರೂ ಕೆಂಪು ಲೈಟ್ ಇದೆ ಅಂದರೆ ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ. ಲೈಟ್ ಹಸಿರಾದರೆ ತೊಂದರೆ ಸಬ್‌ನಲ್ಲಿ ಅಥವಾ ಅದರ ವೈರ್‌ನಲ್ಲಿದೆ. ಕಾಯಿಲ್ ಅಳೆಯಿರಿ. 4 ಓಮ್‌ನದ್ದು 3.2ರಿಂದ 3.8ರೊಳಗೆ ತೋರಿಸಬೇಕು. ಎರಡು ಕಾಯಿಲ್‌ನ ಸಬ್ ಆದರೆ ಜೋಡಿಸಿದ ರೀತಿಯನ್ನೂ ನೋಡಿ, 4 ಓಮ್‌ನ ಎರಡನ್ನು ಪ್ಯಾರಲಲ್ ಕೊಟ್ಟರೆ 2 ಓಮ್ ಆಗುತ್ತದೆ, ಅದನ್ನು ಎಲ್ಲ ಆಂಪ್‌ಗಳೂ ತಡೆಯುವುದಿಲ್ಲ. ಲೈಟೇ ಬರುತ್ತಿಲ್ಲವಾದರೆ ಫ್ಯೂಸ್ ನೋಡಿ, ಜೊತೆಗೆ ಆಂಪ್ ಆನ್ ಮಾಡುವ ನೀಲಿ ರಿಮೋಟ್ ವೈರ್‌ನಲ್ಲಿ 12 ವೋಲ್ಟ್ ಇದೆಯಾ ನೋಡಿ.

ಸ್ಪೀಕರ್ ವೈರ್, ಆರ್‌ಸಿಎ (ಸ್ಟೀರಿಯೋದಿಂದ ಸಿಗ್ನಲ್ ತರುವ ವೈರ್) ಎರಡೂ ಬಿಚ್ಚಿದ ಮೇಲೂ, ಒಳ್ಳೆಯ ಅರ್ತ್ ಮತ್ತು 12 ವೋಲ್ಟ್‌ಗಿಂತ ಜಾಸ್ತಿ ಇದ್ದೂ ಲೈಟ್ ಕೆಂಪಾಗೇ ಇದ್ದರೆ ಆಗ ಆಂಪ್ ಒಳಗೇ ಏನೋ ಕೆಟ್ಟಿದೆ ಅಂತ ಒಪ್ಪೋಣ. ಆಗಲೂ ಎಸೆಯಬೇಡಿ. ಬಹಳಷ್ಟು ಸಲ ಸುಟ್ಟಿರುವುದು ಒಳಗಿನ ಮಾಸ್‌ಫೆಟ್ ಎಂಬ ಚಿಕ್ಕ ಬಿಡಿಭಾಗಗಳು, ಅವನ್ನು ಬದಲಿಸಬಹುದು. ಬೋರ್ಡ್ ರಿಪೇರಿ ಗೊತ್ತಿರುವವರ ಹತ್ತಿರ ಒಯ್ಯಿರಿ, ಖರ್ಚು ಎಷ್ಟು ಅಂತ ಮೊದಲೇ ಕೇಳಿ, ಹೊಸದರ ಬೆಲೆಯ ಜೊತೆ ಹೋಲಿಸಿ ಆಮೇಲೆ ತೀರ್ಮಾನ ಮಾಡಿ.