ಬೆಳಕಿಗೂ ಹೆಜ್ಜೆ ಕೂಡಬೇಕು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ತೋಟದಿಂದ ಬಂದು ಕಾಫಿ ಲೋಟ ಹಿಡಿದು ಕೂತವರೇ ಜಾಸ್ತಿ, ಅಲ್ವಾ? ನಾನು ಒಂದೇ ಮಾತು ಹೇಳಲು ಬಂದಿದ್ದೇನೆ. ಬೆಳಕಿಗೂ ಹೆಜ್ಜೆ ಕೂಡಬೇಕು.

ಅಲ್ಟ್ರಾವಯೊಲೆಟ್ ಕಣ್ಣಿಗೆ ಕಾಣದ ಬೆಳಕು. ಅದರ ಲೇಸರ್ ಇದ್ದರೆ ಮೊಬೈಲಿನೊಳಗಿನ ತೆಳು ಸರ್ಕ್ಯೂಟಿನಲ್ಲಿ ಅಂಚು ಕರಕಲಾಗದಂತೆ ಕೂದಲೆಳೆಯಷ್ಟು ತೂತು ಕೊರೆಯಬಹುದು. ಆದರೆ ಗಟ್ಟಿ ಹರಳಿನ ಲೇಸರ್ ಸಾಮಾನ್ಯವಾಗಿ ಅದನ್ನು ನೇರವಾಗಿ ಕೊಡುವುದಿಲ್ಲ. ಲೇಸರಿಗೆ ಬಳಸುವ ನಿಯೋಡಿಮಿಯಂ ಯಾಗ್ ಹರಳು ಕೊಡುವುದು 1064 ನ್ಯಾನೊಮೀಟರ್ ಅಲೆಯುದ್ದದ ಇನ್‌ಫ್ರಾರೆಡ್, ಅದೂ ಕಣ್ಣಿಗೆ ಕಾಣದು. ನಮಗೆ ಬೇಕಾದದ್ದು 355, ಅಂದರೆ ಅದರ ಮೂರನೇ ಒಂದು ಭಾಗ. ಅದಕ್ಕೆ ಬೆಳಕಿನ ಮೂರು ಕಣ ಸೇರಿ ಒಂದಾಗಬೇಕು.

ಹೀಗೂ ಆಗುತ್ತದೆ ಎಂದು ಗೊತ್ತಾದ ಕಥೆ ನನಗೆ ಬಲು ಇಷ್ಟ. 1961ನೇ ಇಸವಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ. ಮೊದಲ ಲೇಸರ್ ಬೆಳಗಿ ಆಗಿನ್ನೂ ಒಂದು ವರ್ಷ. ಪೀಟರ್ ಫ್ರಾಂಕನ್ ಮತ್ತು ಜೊತೆಗಾರರು ಮಾಣಿಕ್ಯ ಲೇಸರಿನ ಕೆಂಪು ಬೆಳಕನ್ನು ಕ್ವಾರ್ಟ್ಜ್ ಹರಳಿನೊಳಗೆ ಹಾಯಿಸಿದರು. ಕೆಂಪಿನ ಅಲೆಯುದ್ದ 694. ಫೋಟೊ ಪ್ಲೇಟಿನ ಮೇಲೆ ಅದರ ದೊಡ್ಡ ಕಲೆ ಬಿತ್ತು. ದೂರದಲ್ಲಿ, ಸರಿಯಾಗಿ 347ರ ಜಾಗದಲ್ಲಿ, ಸಾಸಿವೆ ಸಿಡಿದಂತೆ ಒಂದು ಚುಕ್ಕೆ! ಎರಡು ಕೆಂಪು ಕಣ ಸೇರಿ ಒಂದು ಅಲ್ಟ್ರಾವಯೊಲೆಟ್ ಕಣವಾಗಿತ್ತು. ಆ ಚಿತ್ರ ವಿಜ್ಞಾನ ಪತ್ರಿಕೆಗೆ ಹೋಯಿತು. ಅಲ್ಲಿ ಯಾರೋ ಚುಕ್ಕೆಯನ್ನು ಧೂಳು ಎಂದುಕೊಂಡು ಅಳಿಸಿಬಿಟ್ಟರಂತೆ. ಇವತ್ತಿಗೂ ಆ ಪುಟ ತೆಗೆದರೆ ಬಾಣದ ಗುರುತಿದೆ, ಚುಕ್ಕೆ ಇಲ್ಲ!

ಚುಕ್ಕೆ ಅಷ್ಟು ಸಣ್ಣದೇಕೆ? ಹೆಜ್ಜೆ ಕೂಡಿರಲಿಲ್ಲ. ಬೇಲೂರಿನ ತೇರಿಗೆ ಹಗ್ಗ ಹಿಡಿದವರನ್ನು ಕೇಳಿ. ನೂರು ಜನ ತಮಗೆ ತೋಚಿದಾಗ ಜಗ್ಗಿದರೆ ಹಗ್ಗ ಕುಣಿಯುತ್ತದೆ, ಗಾಲಿ ಕದಲುವುದಿಲ್ಲ. ಕ್ವಾರ್ಟ್ಜ್ ಒಳಗೆ ಕೆಂಪಿನ ವೇಗ ಬೇರೆ, ಅಲ್ಟ್ರಾವಯೊಲೆಟ್ಟಿನ ವೇಗ ಬೇರೆ. ಹಾಗಾಗಿ ಅಲೆಗಳ ಹೆಜ್ಜೆ ತಪ್ಪಿ, ಈಗ ಹುಟ್ಟಿದ ಅಲ್ಟ್ರಾವಯೊಲೆಟ್ಟನ್ನು ಒಂದಿಷ್ಟು ಮುಂದೆ ಹುಟ್ಟಿದ್ದು ಅಳಿಸುತ್ತದೆ.

ಈಗ ಎಲ್‌ಬಿಒ, ಅಂದರೆ ಲಿಥಿಯಂ ಟ್ರೈಬೋರೇಟ್ ಎಂಬ ಹರಳು ಬಳಸುತ್ತೇವೆ. ಸರಿಯಾದ ಓರೆಯಲ್ಲಿ ಕೂರಿಸಿ, ಪುಟ್ಟ ಒಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಹೆಜ್ಜೆ ಕೂಡುತ್ತದೆ. ಮೊದಲ ಹರಳಿನಲ್ಲಿ 532ರ ಹಸಿರು. ಎರಡನೆಯದರಲ್ಲಿ ಆ ಹಸಿರು ಉಳಿದ ಇನ್‌ಫ್ರಾರೆಡ್ಡಿನ ಜೊತೆ ಸೇರಿ 355. ಲೇಸರ್ ತಡೆಯುವ ಕನ್ನಡಕ ಹಾಕಿಕೊಂಡು ಬಿಳಿ ಕಾಗದ ಅಡ್ಡ ಹಿಡಿಯುತ್ತೇನೆ. ಹರಳು ಚೂರೇ ಚೂರು ತಿರುಗಿಸುತ್ತೇನೆ. ಕಾಗದ ಒಮ್ಮೆಗೇ ನೀಲಿಯಾಗಿ ಹೊಳೆಯುತ್ತದೆ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಸಮಯ ಮುಗಿಯಿತು ಎಂದು ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಧೂಳಿನ ಮಾತು ಹೇಳದೆ ಹೇಗೆ ಏಳಲಿ? ಶಕ್ತಿ ಜಾಸ್ತಿಯಾದಂತೆ ಹರಳಿನ ಮೇಲಿನ ಒಂದು ಕಣ ಧೂಳೂ ಸುಟ್ಟು ಅಂಟುತ್ತದೆ, ಹೊಳಪು ಕೆಡುತ್ತದೆ. ಆಗ ಹರಳನ್ನು ಎಸೆಯಬೇಕಿಲ್ಲ. ಒಂದಿಷ್ಟೇ ಪಕ್ಕಕ್ಕೆ ಸರಿಸಿ, ಕೆಡದ ಜಾಗದಲ್ಲಿ ಬೆಳಕು ಬಿಡುತ್ತೇವೆ. ನಮಸ್ಕಾರ.