ಫೈಬ್ರೊಮಯಾಲ್ಜಿಯಾ ಇದ್ದವರ ಕತ್ತನ್ನು ಎಷ್ಟು ಒತ್ತಬೇಕು?

[ದೃಶ್ಯ: ಸಿಲ್ವರ್ ಮರಕ್ಕೆ ಒರಗಿಸಿದ ಏಣಿ. ಮೇಲೆ ನಿಂತು ಮೆಣಸು ಕುಯ್ಯುತ್ತಿರುವವರು.]

ನಮಸ್ಕಾರ. ಕೊಡಗಿನಲ್ಲಿ ಕರಿಮೆಣಸು ಕುಯ್ಯುವುದನ್ನು ನೋಡಿದ್ದೀರಲ್ವಾ? ತಲೆ ಹಿಂದಕ್ಕೆ ಬಾಗಿಸಿ, ಕೈ ಮೇಲೆತ್ತಿ ಗಂಟೆಗಟ್ಟಲೆ ಕೆಲಸ. ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿಕೊಂಡು ಮಲಗಿದರೆ ಎರಡು ಮೂರು ದಿನಕ್ಕೆ ಸರಿಹೋಗುತ್ತದೆ.

ಕೆಲವರಿಗೆ ಮಾತ್ರ ಹೋಗುವುದೇ ಇಲ್ಲ. ಕತ್ತಿನ ಜೊತೆ ಭುಜ, ಸೊಂಟ, ತೊಡೆ ಎಲ್ಲಾ ಕಡೆ ನೋವು, ಅದೂ ಮೂರು ತಿಂಗಳು ದಾಟಿದ ಮೇಲೂ. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ಸುಸ್ತು. ಹೇಳಬೇಕೆಂದಿದ್ದ ಮಾತು ನಡುವೆಯೇ ಮರೆತುಹೋಗುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ಮನೆಯವರು ‘ಸುಮ್ನೆ ನೆಪ’ ಅಂತಾರೆ. ನೆಪ ಅಲ್ಲ. ಥೈರಾಯ್ಡ್, ಸಂಧಿವಾತದಂಥವು ಇಲ್ಲ ಅಂತ ಖಚಿತವಾದ ಮೇಲೆ ವೈದ್ಯರು ಫೈಬ್ರೊಮಯಾಲ್ಜಿಯಾ ಅನ್ನಬಹುದು.

[ದೃಶ್ಯ: ಮಿದುಳು, ಬೆನ್ನುಹುರಿ, ನರಗಳ ಚಿತ್ರ.]

ಇಲ್ಲಿ ಸ್ನಾಯು ಹರಿದಿರುವುದಿಲ್ಲ, ಮೂಳೆ ಸವೆದಿರಬೇಕಾಗಿಯೂ ಇಲ್ಲ. ನೋವಿನ ಸುದ್ದಿ ಒಯ್ಯುವ ನರವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿರುತ್ತದೆ. ತೋಟದ ಕೆಲವು ನಾಯಿಗಳು ಆನೆ ಬಂದರೂ ಬೊಗಳುತ್ತವೆ, ಒಣ ಎಲೆ ಬಿದ್ದರೂ ಅಷ್ಟೇ ಜೋರಾಗಿ ಬೊಗಳುತ್ತವೆ. ಹಾಗೆ. ಈ ಕಾಯಿಲೆ ಗುರುತಿಸಲು 1990ರ ಮಾನದಂಡದ ಪ್ರಕಾರ ಮೈಯ 18 ಜಾಗ ಒತ್ತಿ, ಕನಿಷ್ಠ 11 ಕಡೆ ನೋವಿದೆಯಾ ಅಂತ ನೋಡುತ್ತಿದ್ದರು. ತಲೆಬುರುಡೆಯ ಬುಡ, ಕತ್ತು, ಭುಜದ ಮೇಲ್ಭಾಗ ಆ ಪಟ್ಟಿಯಲ್ಲೇ ಇದ್ದವು. 2010ರ ಮಾನದಂಡದಲ್ಲಿ ಒತ್ತುವ ಲೆಕ್ಕ ಹೋಗಿ ನಿದ್ದೆ, ಸುಸ್ತು, ಮರೆವಿನ ಲೆಕ್ಕವೂ ಸೇರಿತು.

ಹಾಗಾಗಿ ‘ಇನ್ನೂ ಗಟ್ಟಿಯಾಗಿ ಒತ್ತಿ, ಗಂಟು ಬಿಡಲಿ’ ಅನ್ನುವುದು ಇವರಿಗೆ ಆಗಿಬರುವುದಿಲ್ಲ. ಮರುದಿನ ಏಳೋದೇ ಕಷ್ಟವಾಗಬಹುದು.

[ದೃಶ್ಯ: ಫಿಸಿಯೋಥೆರಪಿಸ್ಟ್ ಕೈಗಳು, ಹತ್ತಿರದಿಂದ.]

ಬಲ್ಲ ಫಿಸಿಯೋ ಏನು ಮಾಡುತ್ತಾರೆ ನೋಡಿ. ಅಂಗಾತ ಮಲಗಿಸಿ, ಬೆರಳ ತುದಿಗಳನ್ನು ತಲೆಬುರುಡೆಯ ಬುಡಕ್ಕೆ ಕೊಟ್ಟು ಸುಮ್ಮನೆ ಹಿಡಿಯುತ್ತಾರೆ. ಒತ್ತುವುದಿಲ್ಲ. ತಲೆಯ ಭಾರವೇ ಬೆರಳ ಮೇಲೆ ಕೂರುತ್ತದೆ. ಒಂದೆರಡು ನಿಮಿಷದಲ್ಲಿ ಬಿಗಿದ ಸ್ನಾಯು ಸ್ವಲ್ಪ ಸಡಿಲವಾಗುತ್ತದೆ. ‘ಹತ್ತರಲ್ಲಿ ನೋವು ಎಷ್ಟು?’ ಅಂತ ಕೇಳುತ್ತಲೇ ಇರುತ್ತಾರೆ. ಮುಂದಿನ ಸಲ ಹೋದಾಗ ‘ಮರುದಿನ ಹೇಗಿತ್ತು?’ ಅನ್ನುವುದೇ ಮೊದಲ ಪ್ರಶ್ನೆ. ನೋವು ಜಾಸ್ತಿಯಾಗಿತ್ತು ಅಂದರೆ ಒತ್ತಡ, ಸಮಯ ಎರಡನ್ನೂ ಇಳಿಸುತ್ತಾರೆ. ನನ್ನ ಪ್ರಕಾರ ಈ ಪ್ರಶ್ನೆ ಕೇಳದವರ ಕೈಗೆ ಕತ್ತು ಕೊಡಬಾರದು.

ಇದರಿಂದ ಕಾಯಿಲೆ ಹೋಗುತ್ತದಾ? ಇಲ್ಲ. ಕೆಲವರಿಗೆ ನೋವು ಸ್ವಲ್ಪ ದಿನ ಇಳಿಯುತ್ತದೆ, ಅಷ್ಟೇ. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಯೂಲಾರ್ 2017ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಗಟ್ಟಿಯಾಗಿ ‘ಮಾಡಿ’ ಅಂದಿದ್ದು ಒಂದನ್ನೇ, ವ್ಯಾಯಾಮವನ್ನು. ಮಸಾಜ್‌ಗೆ ಅಷ್ಟು ಬಲವಾದ ಆಧಾರ ಸಿಕ್ಕಿರಲಿಲ್ಲ. ಹಾಗಾಗಿ ಕತ್ತು ಸಡಿಲವಾದ ಆ ಹೊತ್ತಿನಲ್ಲೇ ಭುಜ ತಿರುಗಿಸಿ, ಹತ್ತು ನಿಮಿಷ ನಡೆಯಿರಿ. ಮಡಿಕೇರಿಯ ಮಳೆಗಾಲದಲ್ಲಿ ಹೊರಗೆ ಹೋಗೋದು ಕನಸು, ಗೊತ್ತು. ವರಾಂಡದಲ್ಲೇ ನಡೆದರೂ ಆಯ್ತು. ಚೆನ್ನಾಗಿದೆ ಅನ್ನಿಸಿದ ದಿನ ಮೂರು ದಿನದ ಕೆಲಸ ಒಟ್ಟಿಗೆ ಮುಗಿಸಲು ಹೋಗಬೇಡಿ.

ಕಟಿಂಗ್ ಶಾಪ್‌ನಲ್ಲಿ ಕತ್ತು ‘ಲಟಕ್’ ಅನ್ನಿಸಿಕೊಳ್ಳುವವರಿಗೂ ಒಂದು ಮಾತು. ಅಪರೂಪಕ್ಕೆ ಆ ತಿರುವಿನಿಂದ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಿರುವುದುಂಟು. ಬೇಡ.

[ದೃಶ್ಯ: ತೆರೆಯ ಮೇಲೆ ಬರಹ.]

ಕೈಯಲ್ಲಿ ಬಲ ಕಡಿಮೆಯಾದರೆ, ನಡಿಗೆ ತಪ್ಪಿದರೆ, ಜ್ವರ ಇದ್ದರೆ, ಮೂತ್ರದ ಹಿಡಿತ ಹೋದರೆ, ಅಥವಾ ಏಣಿಯಿಂದ ಬಿದ್ದ ಮೇಲೆ ಕತ್ತು ನೋವು ಶುರುವಾಗಿದ್ದರೆ ಯಾರಿಂದಲೂ ಒತ್ತಿಸಿಕೊಳ್ಳಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.